ಮಗಳ ಖೋಖೋ ಆಟಕ್ಕೆ ಯಾವ ಕ್ಯಾಮೆರಾ?
ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಮಗಳು ಖೋಖೋ ಆಡುವಾಗ ಮೊಬೈಲಿನ ಫೋಟೋ ಮಸುಕಾಗುತ್ತದೆ, ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೀರಿ.

ಸುಮ್ನೆ ಮೆಗಾಪಿಕ್ಸೆಲ್ ಲೆಕ್ಕ ಹಾಕಬೇಡಿ ಸಾರ್, 20 ಇದ್ದರೆ ಧಾರಾಳ. ಓಡುವವರನ್ನು ಬಿಡದೆ ಹಿಡಿಯುವ ಆಟೋಫೋಕಸ್ ಮುಖ್ಯ. ಕ್ಯಾನನ್ ಆರ್50 ನೋಡಿ, ಸೆಕೆಂಡಿಗೆ 12 ಫೋಟೋ ತೆಗೆಯುತ್ತದೆ. ಆದರೆ 18-45 ಎಂಎಂ ಲೆನ್ಸ್ ಮೈದಾನದಾಚೆಗೆ ಎಟುಕುವುದಿಲ್ಲ, ದೂರದ್ದನ್ನು ಹತ್ತಿರ ತರುವ 55-210 ಎಂಎಂ ಲೆನ್ಸ್ ಬೇಕೇ ಬೇಕು. ತೊಂದರೆ ಏನೆಂದರೆ, ಪೂರ್ತಿ ಜೂಮ್ ಮಾಡಿದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್7.1, ಅಂದರೆ ಕಿಂಡಿ ಚಿಕ್ಕದು, ಬೆಳಕು ಕಡಿಮೆ. ನಮ್ಮ ಮಲೆನಾಡಿನ ಮೋಡದ ಬೆಳಕು ಗೊತ್ತಲ್ವಾ? ಆದರೂ ಓಟ ಮಸುಕಾಗದಂತೆ ಶಟರ್ ವೇಗ 1/1000 ಸೆಕೆಂಡಿನಲ್ಲೇ ಇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಅದರಿಂದ ಫೋಟೋದಲ್ಲಿ ಗ್ರೇನ್ (ಕಾಳುಕಾಳು ಚುಕ್ಕೆ) ಬಂದರೆ ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಫೋಟೋ ಹೋದಂತೆಯೇ.

ಒಳಾಂಗಣದಲ್ಲಿ ಆಟವಾದರೆ ಹೆಚ್ಚು ಬೆಳಕು ಬಿಡುವ 50 ಎಂಎಂ ಎಫ್1.8 ಲೆನ್ಸ್ ಹಾಕಿ, ಇದರಲ್ಲಿ ಜೂಮ್ ಇಲ್ಲ, ಹಾಗಾಗಿ ಗೆರೆಯ ಹತ್ತಿರ ಕೂತುಕೊಳ್ಳಿ. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ.