ನೀರಿನ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

ಸಿಂಧನೂರು ಕಡೆಯ ರೈಸ್ ಮಿಲ್ಲೊಂದರಲ್ಲಿ ಬಹುಕಾಲ ಗುಮಾಸ್ತರಾಗಿದ್ದು ನಿವೃತ್ತರಾದ, ಅರವತ್ತು ದಾಟಿದ ಹಿರಿಯರೊಬ್ಬರನ್ನು ಅವರ ಮಗ ರಾಯಚೂರಿನಲ್ಲಿ ನನ್ನ ಬಳಿ ಕರೆತಂದಿದ್ದರು. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರನ್ನು ಇಲ್ಲಿ ಯಜಮಾನರು ಎಂದಷ್ಟೇ ಕರೆಯುತ್ತೇನೆ. ಮಗನ ದೂರು ಚಿಕ್ಕದಾಗಿತ್ತು: “ನಮ್ಮಪ್ಪಾರು ಸತ್ತವರ ಮನಿಗೆ ಹೋದ್ರ ಅಳಂಗಿಲ್ಲರೀ ಮೇಡಂ, ಮದಿವಿ ಮನ್ಯಾಗ ಅಳ್ತಾರ. ಮಂದಿ ಏನರ ಅಂದ್ಕೊಳ್ಳಂಗಿಲ್ಲೇನ್ರೀ?” ಯಜಮಾನರ ಪತ್ನಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಣ್ಣಿನ ದಿನ ಅವರ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಈಗ ವರ್ಷದಿಂದೀಚೆಗೆ ಟಿವಿ ನೋಡುವಾಗ, ಬಸ್ಸಿನಲ್ಲಿ ಕೂತಾಗ, ಜಾತ್ರೆಯಲ್ಲಿ ನಿಂತಾಗ ಗಂಟಲು ಕಟ್ಟಿ ಅಳು ಬರುತ್ತಿತ್ತು. ಗಾಳಿ ಸೋಕಿರಬೇಕೆಂದು ಬಂಧುಗಳು ತಾಯಿತವನ್ನೂ ಕಟ್ಟಿಸಿದ್ದರು.

ಮೊದಲ ಭೇಟಿಯಲ್ಲಿ ನಾನು ಕಣ್ಣೀರಿನ ಅರ್ಥ ಹುಡುಕಲು ಹೋಗಲಿಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಅಳು ಶುರುವಾದರೆ ಮೊದಲು ದೇಹವನ್ನು ನೋಡಬೇಕು. ಲಕ್ವ ಹೊಡೆದ ಬಳಿಕ ಕೆಲವರಿಗೆ ಮನಸ್ಸಿನಲ್ಲಿ ದುಃಖವೇ ಇಲ್ಲದಿದ್ದರೂ ಅಳು ಉಕ್ಕುತ್ತದೆ, ನಗೆಯೂ ಹಾಗೆಯೇ ಬರುತ್ತದೆ. ಅದು ಮಿದುಳಿನ ಹಿಡಿತ ತಪ್ಪಿದ್ದರ ಲಕ್ಷಣವೇ ಹೊರತು ಭಾವನೆಯ ಮಾತಲ್ಲ. ಆದ್ದರಿಂದ ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಮತ್ತು ಅವರು ನುಂಗುತ್ತಿದ್ದ ಮಾತ್ರೆಗಳ ಪರಿಶೀಲನೆಗೆ ವೈದ್ಯರ ಬಳಿ ಕಳುಹಿಸಿದೆ. ಅಲ್ಲಿ ಆತಂಕಪಡುವಂಥದ್ದೇನೂ ಸಿಗಲಿಲ್ಲ. ಖಿನ್ನತೆಯನ್ನು ಅಳೆಯಲು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ ಅವರ ಅಂಕ 6, ಅಂದರೆ ಸೌಮ್ಯ ಮಟ್ಟ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಏಕೆಂದರೆ ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಇಲ್ಲವೆಂದರು. ನಿದ್ರೆ, ಊಟ, ಮೊಮ್ಮಕ್ಕಳೊಂದಿಗಿನ ಒಡನಾಟ ಎಲ್ಲವೂ ಸರಿಯಾಗಿಯೇ ಇದ್ದವು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ದೀರ್ಘಕಾಲದ ಶೋಕವನ್ನು ಒಂದು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಲಾಗಿದೆ. ಅದಕ್ಕೆ ಕನಿಷ್ಠ 6 ತಿಂಗಳು ಬಿಡದೆ ಕಾಡುವ ಹಂಬಲವಿರಬೇಕು, ಬದುಕು ನಿಂತುಹೋಗಿರಬೇಕು. ಯಜಮಾನರ ಬದುಕು ನಿಂತಿರಲಿಲ್ಲ.

ಹಾಗಾದರೆ ಏನಿದು? ಲೆಕ್ಕ ಬರೆಯುವುದು ಅವರಿಗೆ ಉಸಿರಾಡಿದಷ್ಟು ಸಹಜವಾದ್ದರಿಂದ, ಅಳು ಬಂದಾಗಲೆಲ್ಲ ಕಿರ್ದಿ ಬರೆದಂತೆ ಒಂದು ಸಾಲು ಬರೆದಿಡಲು ಹೇಳಿದೆ: ಎಲ್ಲಿ, ಏನು ಕಂಡಿರಿ, ಮೈಯಲ್ಲಿ ಏನಾಯಿತು. ಕೆಲವು ವಾರಗಳ ಬಳಿಕ ಅವರು ತಂದ ಪುಸ್ತಕ ನಾನು ಎಣಿಸಿದಂತೆ ಇರಲಿಲ್ಲ. ಅದರಲ್ಲಿ ಸಾವಿನ ಸುದ್ದಿಯಾಗಲಿ ಅಪಘಾತವಾಗಲಿ ಇರಲೇ ಇಲ್ಲ. ಮಾನ್ವಿಯ ಬಸ್ ನಿಲ್ದಾಣದಲ್ಲಿ ಹುಡುಗನೊಬ್ಬ ತಾನು ಕುಡಿಯುವ ಮೊದಲು ಬಾಟಲಿಯ ಬುಚ್ಚ ತೆಗೆದು ಅಜ್ಜಿಯ ಕೈಗೆ ಕೊಟ್ಟದ್ದಿತ್ತು. ಬಿಸಿಲಿನಲ್ಲಿ ಅರವಟ್ಟಿಗೆಯ ಗಡಿಗೆಗೆ ಹಸಿ ಬಟ್ಟೆ ಸುತ್ತುತ್ತಿದ್ದ ಅಂಗಡಿಯವನಿದ್ದ. ಮುದಗಲ್ಲಿನ ಮೊಹರಂನಲ್ಲಿ, ಕರ್ಬಲಾದಲ್ಲಿ ನೀರಿಲ್ಲದೆ ಬಳಲಿದವರ ನೆನಪಿಗೆ ಹಂಚುವ ಶರಬತ್ತಿನ ಲೋಟವಿತ್ತು. ಕೊಪ್ಪಳದ ಗವಿಮಠದ ಜಾತ್ರೆಯ ಬಗ್ಗೆ ಮಾತ್ರ ಉದ್ದಕ್ಕೆ ಬರೆದಿದ್ದರು. ಮಹಾದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿಯ ಬಂಡಿಗಳು ಬರುತ್ತವಲ್ಲ, ಅಲ್ಲಿ ಒಬ್ಬ ಮುದುಕಿ ಸೀರೆಯ ಸೆರಗಿನಿಂದ ಐದು ರೊಟ್ಟಿ ತೆಗೆದು, ಹಣೆಗೆ ಒತ್ತಿಕೊಂಡು, ಆ ಗುಡ್ಡದಂಥ ರಾಶಿಗೆ ಸೇರಿಸಿ, ತಿರುಗಿಯೂ ನೋಡದೆ ಹೋದಳಂತೆ. “ಎದಿ ಬಿಸಿ ಆತು, ಮೈಮ್ಯಾಲೆ ಮುಳ್ಳು ಬಂದ್ವು” ಎಂದು ಬರೆದಿದ್ದರು.

ಈ ಬಗೆಯ ಕಣ್ಣೀರನ್ನು ಮಾನವಶಾಸ್ತ್ರಜ್ಞ ಅಲನ್ ಫಿಸ್ಕೆ ಮತ್ತು ಅವರ ಸಂಗಡಿಗರು ‘ಕಾಮ ಮೂತ’ ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿದ್ದಾರೆ. 2019ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನ 19 ದೇಶಗಳ, 15 ಭಾಷೆಗಳ ಜನರನ್ನು ಒಳಗೊಂಡಿತ್ತು. ಮನುಷ್ಯರ ನಡುವಿನ ಒಲುಮೆ ಥಟ್ಟನೆ ಗಾಢವಾಗುವುದನ್ನು ಕಂಡಾಗ ಕಣ್ಣು ತುಂಬುವುದು, ಎದೆಯಲ್ಲಿ ಬಿಸಿಯೇರುವುದು, ಮೈ ಜುಮ್ಮೆನ್ನುವುದು ಬೇರೆ ಬೇರೆ ನಾಡುಗಳಲ್ಲಿಯೂ ಕಂಡುಬಂದಿತು. ಯಜಮಾನರಿಗೆ ಇದನ್ನು ವಿವರಿಸಿದಾಗ ಮಗನ ಮುಖದಲ್ಲಿ ತುಸು ನಿರಾಳ ಕಂಡಿತು. ತಂದೆಯ ಮುಖದಲ್ಲಿ ಕಾಣಲಿಲ್ಲ. ಹೃದಯ ಕರಗುವುದಕ್ಕೂ ಹೃದಯ ಒಡೆಯುವುದಕ್ಕೂ ನಡುವೆ ಗೋಡೆಯೇನೂ ಇರುವುದಿಲ್ಲ. ಕಣ್ಣೆದುರಿನ ಒಳಿತು ಕೆಲವೊಮ್ಮೆ ತಾನು ಮಾಡಲಾಗದೆ ಹೋದ ಒಳಿತನ್ನು ಎತ್ತಿ ತೋರಿಸುತ್ತದೆ. ಕಿರ್ದಿಯಲ್ಲಿ ನೀರು ಮತ್ತೆ ಮತ್ತೆ ಬಂದಿದ್ದನ್ನು ಗಮನಿಸಿ, “ಯಜಮಾನ್ರೇ, ಮನಿಯವ್ರು ಇದ್ದಾಗ ನೀರಿನ ಸಂಗತಿ ಏನರ ಇತ್ತೇನ್ರೀ?” ಎಂದು ಕೇಳಿದೆ.

ಅವರು ಮುಂದಿನ ಭೇಟಿಗೆ ಇನ್ನೊಂದು ಪುಸ್ತಕ ತಂದರು. ಪತ್ನಿಯ ಎರಡೂ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಮೂತ್ರಪಿಂಡ ಕೆಲಸ ಮಾಡದಿದ್ದಾಗ ಕುಡಿದ ನೀರು ಹೊರಹೋಗದೆ ದೇಹದಲ್ಲೇ ಉಳಿಯುತ್ತದೆ, ಶ್ವಾಸಕೋಶಕ್ಕೆ ಇಳಿದರೆ ಉಸಿರುಕಟ್ಟುತ್ತದೆ. ಹಾಗಾಗಿ ಚಹಾ, ಗಂಜಿ, ಸಾರು ಎಲ್ಲವನ್ನೂ ಸೇರಿಸಿ ದಿನಕ್ಕೆ ಒಂದು ಲೀಟರಿನೊಳಗೆ ನಿಲ್ಲಿಸಬೇಕೆಂದು ವೈದ್ಯರು ಹೇಳಿದ್ದರು. ಬಾಯಾರಿಕೆ ಮಾತ್ರ ಯಾವ ಲೆಕ್ಕಕ್ಕೂ ಬಗ್ಗುವುದಿಲ್ಲ. ರಾಯಚೂರು ಸೀಮೆಯ ಬೇಸಿಗೆಯಲ್ಲಂತೂ ಅದು ಏನೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಯಜಮಾನರು ಸ್ಟೀಲ್ ಲೋಟದಲ್ಲಿ ಅಳೆದು ಕೊಡುತ್ತಿದ್ದರು. ಪುಟದ ಎಡಕ್ಕೆ ಕುಡಿದದ್ದು, ಬಲಕ್ಕೆ ಮೂತ್ರ, ಕೆಳಗೆ ಅವತ್ತಿನ ತೂಕ. ಎಲ್ಲಿಯೂ ಒಂದು ಅಂಕಿಯನ್ನು ತಿದ್ದಿರಲಿಲ್ಲ. ಕೊನೆಯ ವಾರದ ಒಂದು ರಾತ್ರಿ ಅವರಾಕೆ “ಒಂದ್ ಗುಟುಕು ಕೊಡ್ರೀ” ಎಂದು ಕೈ ಚಾಚಿದಾಗ, ಲೆಕ್ಕ ಮುಗಿದಿದೆಯೆಂದು ತಂಬಿಗೆಯನ್ನು ಎತ್ತಿ ಕಪಾಟಿನ ಮೇಲಿಟ್ಟಿದ್ದರು.

ಇಂಥ ಹೊತ್ತಿನಲ್ಲಿ “ನಿಮ್ಮದೇನೂ ತಪ್ಪಿಲ್ಲ ಬಿಡ್ರೀ” ಎನ್ನುವುದು ಸುಲಭ; ಕೇಳಿದವರು ತಲೆಯಾಡಿಸುತ್ತಾರೆ, ಭಾರ ಮಾತ್ರ ಇದ್ದಲ್ಲೇ ಇರುತ್ತದೆ. ನಾನು ಹಾಗೆನ್ನಲಿಲ್ಲ. ಚಿಕಿತ್ಸೆ ನೀಡಿದ್ದ ವೈದ್ಯರನ್ನು ಕಂಡು, ಆ ರಾತ್ರಿಯ ಪ್ರಶ್ನೆಯನ್ನು ಅವರ ಮುಂದೆಯೇ ಇಟ್ಟು ಉತ್ತರ ಕೇಳಿಬರಲು ಹೇಳಿದೆ. ಜೊತೆಗೆ ಗಂಗಾವತಿಗೆ ಕೊಟ್ಟಿರುವ ಮಗಳನ್ನೂ ಒಮ್ಮೆ ಕರೆತರಲು ಸೂಚಿಸಿದೆ, ಏಕೆಂದರೆ ಆ ದಿನಗಳಲ್ಲಿ ತಾಯಿಯ ಹಾಸಿಗೆಯ ಪಕ್ಕದಲ್ಲಿ ಮಲಗುತ್ತಿದ್ದವರು ಅವರೇ.

ಆ ಭೇಟಿಯಲ್ಲಿ ತಂದೆ ತಂಬಿಗೆಯ ಮಾತು ಎತ್ತುತ್ತಿದ್ದಂತೆ ಮಗಳು ಬಿಳಿಚಿಕೊಂಡರು. ಬಹಳ ಹೊತ್ತಿನ ಬಳಿಕ, “ಅಪ್ಪಾ, ನೀನು ಮಲಕ್ಕೊಂಡ ಮ್ಯಾಲೆ ನಾ ಕೊಟ್ಟೀನಿ. ದಿನಾ ರಾತ್ರಿ ಕೊಡ್ತಿದ್ದೆ” ಎಂದರು. ಕದ್ದು ಕುಡಿಸಿದ ಆ ನೀರೇ ಅವ್ವನನ್ನು ಕೊಂದಿತೆಂದು ಅವರು ಮೂರು ವರ್ಷ ನಂಬಿಕೊಂಡಿದ್ದರು. ಕೊಡಲಿಲ್ಲವೆಂದು ತಂದೆ, ಕೊಟ್ಟೆನೆಂದು ಮಗಳು: ಒಂದೇ ತಂಬಿಗೆಯ ನೀರಿಗೆ ಇಬ್ಬರೂ ಬೇರೆಬೇರೆಯಾಗಿ ನವೆಯುತ್ತಿದ್ದರು. ಯಜಮಾನರು ಕೇಳಿದ್ದು ಒಂದೇ ಮಾತು, “ಕುಡಿದ್ಲಾ?” ಮಗಳು ಹೌದೆಂದಾಗ ಅವರು ಅತ್ತ ಅಳು ಕಿರ್ದಿಯಲ್ಲಿದ್ದ ಯಾವ ಅಳುವಿಗೂ ಹೋಲುತ್ತಿರಲಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ. ವೈದ್ಯರು ಹೇಳಿದ್ದನ್ನು ಮಗನೇ ತಿಳಿಸಿದರು: ಸಾವಿಗೆ ಕಾರಣವಾದದ್ದು ರಕ್ತಕ್ಕೆ ಹರಡಿದ ಸೋಂಕು, ಆ ಗುಟುಕುಗಳು ಉಳಿಸುತ್ತಲೂ ಇರಲಿಲ್ಲ, ಕೊಲ್ಲಲೂ ಇಲ್ಲ. ವೈದ್ಯರ ಉತ್ತರ ಬೇರೆಯಾಗಿದ್ದಿದ್ದರೂ ಈ ಇಬ್ಬರನ್ನು ಎದುರುಬದುರು ಕೂರಿಸಲೇಬೇಕಿತ್ತೆಂಬುದು ನನ್ನ ಅಭಿಪ್ರಾಯ.

ಆ ಬಳಿಕ ಕೊಟ್ಟ ಸಲಹೆಗಳು ಹೆಚ್ಚೇನಿಲ್ಲ. ತಂದೆ ಅಳುವಾಗ ಟಿವಿ ಆರಿಸುವುದು, ನಗಿಸಲು ನೋಡುವುದು, ಎಬ್ಬಿಸಿ ಒಳಗೆ ಕರೆದೊಯ್ಯುವುದು ಬೇಡ, ಪಕ್ಕದಲ್ಲಿ ಕೂತರೆ ಸಾಕು ಎಂದು ಮಗನಿಗೆ ಹೇಳಿದೆ. ನಮ್ಮ ಕಡೆ ಹೆಂಗಸರು ಹಾಡ್ಯಾಡಿಕೊಂಡು ಅಳುವ ಹೊತ್ತಿಗೆ ಗಂಡಸರು ಮಣ್ಣಿನ ಏರ್ಪಾಟಿಗೆ ಓಡಾಡುತ್ತಿರುತ್ತಾರೆ. ಯಜಮಾನರೂ ಅಂದು ಓಡಾಡಿದ್ದರು, ಆಮೇಲೆ ಆಸ್ಪತ್ರೆಯ ಸಾಲ ತೀರಿಸಲು ಓಡಾಡಿದ್ದರು. 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಎಂಬ ಮನೋವಿಜ್ಞಾನಿಗಳು ವಿವರಿಸಿದಂತೆ, ಅಗಲಿದವರನ್ನು ನೆನೆದು ನೋಯುವುದು ಮತ್ತು ಮುಂದಿನ ಬದುಕನ್ನು ಹೊಂದಿಸಿಕೊಳ್ಳುವುದು ಎಂಬ ಎರಡರ ನಡುವೆ ಮನಸ್ಸು ಹೋಗಿಬರುತ್ತಿರುತ್ತದೆ. ಇವರಿಗೆ ಹೋಗಿಬರಲು ಬಿಡುವು ಸಿಕ್ಕದ್ದೇ ಸಾಲ ತೀರಿದ ಮೇಲೆ. ಪತ್ನಿಯ ಹೆಸರಿನಲ್ಲಿ ಅರವಟ್ಟಿಗೆ ಇಡುವ ಆಲೋಚನೆಯನ್ನು ಮಗ ಮುಂದಿಟ್ಟಾಗ ನಾನು ತಡೆಯಲಿಲ್ಲ, ಆದರೆ ಪ್ರಾಯಶ್ಚಿತ್ತವೆಂದು ಇಡುವುದಾದರೆ ಒಂದು ವರ್ಷ ಕಾಯಿರಿ ಎಂದೆ.

ನೀರಿನ ಆ ರಾತ್ರಿಯೇ ಅವರ ಎಲ್ಲ ಕಣ್ಣೀರಿಗೂ ಮೂಲವೆಂದು ನಾನು ದಾಖಲಿಸಿಲ್ಲ. ಐದು ರೊಟ್ಟಿಯ ಮುದುಕಿಯನ್ನು ಕಂಡು ಅತ್ತವರು ಆ ಜಾತ್ರೆಯಲ್ಲಿ ಇವರೊಬ್ಬರೇ ಆಗಿರಲಾರರು. ಅದಕ್ಕೆ ಕಾರಣ ಹುಡುಕುವ ಅಗತ್ಯವೂ ಇಲ್ಲ. ಯಜಮಾನರ ಭೇಟಿಗಳನ್ನು ಮುಗಿಸಿದ್ದೇನೆ, ಅವರು ಈಗಲೂ ಮದುವೆ ಮನೆಯಲ್ಲಿ ಅಳುತ್ತಾರೆ. ನನ್ನ ಕಾಳಜಿ ಈಗ ಮಗಳದ್ದು. ಅದೇ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅವರ ಅಂಕ 15 ಬಂದಿತ್ತು, ನಸುಕಿಗೇ ಎಚ್ಚರವಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಮತ್ತು ಅವರು ಅಳುತ್ತಲೇ ಇರಲಿಲ್ಲ. ಅವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿಗೆ ಒಪ್ಪಿಸಿದ್ದೇನೆ. ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಆರಂಭವಾದ ಕಾರ್ಯಕ್ರಮವದು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟಿದ್ದೇನೆ. ಔಷಧಿ ಶುರುವಾಗಿದೆ, ತಿಂಗಳಿಗೊಮ್ಮೆ ತಂದೆಯೇ ಗಂಗಾವತಿಗೆ ಹೋಗಿ ಅವರನ್ನು ಕರೆದುಕೊಂಡು ಬರುತ್ತಾರೆ.