ದೊಡ್ಡ ಬಾಯ್ಲರ್ ಬೇಡ, ಮೊದಲು ಅಂಗಳದ ಕೆಳಗಿನ ಪೈಪ್ ನೋಡಿ

ದಯವಿಟ್ಟು ಹೊಸ ಬಾಯ್ಲರ್‌ಗೆ ಮುಂಗಡ ಕೊಡಬೇಡಿ. ಕೊಟ್ಟಾಗಿದ್ದರೆ ನಾಳೆಯೇ ಫೋನ್ ಮಾಡಿ ವಾಪಸ್ ಕೇಳಿ.

ಮನೆಯಿಂದ 120 ಅಡಿ ದೂರದಲ್ಲಿ ಸೌದೆ ಬಾಯ್ಲರ್ ಇದೆ, ಅದರ ಮೀಟರ್ 180 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತದೆ, ಮನೆಯೊಳಗೆ ಮಾತ್ರ ಉಗುರುಬೆಚ್ಚನೆ ಗಾಳಿ, ದಿನಕ್ಕೆ ಮೂರು ಸಲ ಸೌದೆ ತುಂಬಿದರೂ ಸಾಲುತ್ತಿಲ್ಲ, ದೊಡ್ಡ ಬಾಯ್ಲರ್ ತಗೊಳ್ಳಲಾ ಅಥವಾ ಒಳ್ಳೆ ಸೌದೆ ಹುಡುಕಲಾ ಅಂತ ಕೇಳಿದ್ದೀರಿ. ನೀವು ಮಿಷಿಗನ್‌ನಲ್ಲಿ, ನಾನು ಪಕ್ಕದ ವಿಸ್ಕಾನ್ಸಿನ್‌ನಲ್ಲಿ. ಆ ಸಾಲುಗಳನ್ನು ಓದುವಾಗ ನನ್ನ ಮೊದಲ ಚಳಿಗಾಲವೇ ಕಣ್ಣಮುಂದೆ ಬಂತು.

ಓ ಕ್ಲೇರ್ ಊರಿನಿಂದ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ ನಾವು ಹಳೇ ಫಾರ್ಮ್ ಮನೆ ತಗೊಂಡಿದ್ದೆವು. ಮನೆ ಬೆಚ್ಚಗಿಡಲು ಪ್ರೊಪೇನ್ ಗ್ಯಾಸ್ ಇತ್ತು. ಅದರ ಬಿಲ್ ನೋಡಿ ಎದೆ ಧಸಕ್ ಅಂದಿತ್ತು. ಹಿಂದುಗಡೆ ನಮ್ಮದೇ ಕಾಡು ಇದೆ, ಓಕ್ ಮತ್ತು ಮೇಪಲ್ ಮರಗಳು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಬಚ್ಚಲ ಒಲೆಗೆ ಸೌದೆ ತುರುಕಿ, ಹಂಡೆ ನೀರು ಕಾಯಿಸಿ ಬೆಳೆದವನು. ಹೊರಗೆ ಒಂದು ಗೂಡು, ಅದರಲ್ಲಿ ಬೆಂಕಿ, ಸುತ್ತ ನೀರು, ಆ ನೀರನ್ನು ಪಂಪ್ ನೆಲದಡಿಯ ಪೈಪಿನಲ್ಲಿ ಮನೆಗೆ ತಳ್ಳುತ್ತದೆ. ಇದು ದೊಡ್ಡ ಹಂಡೆಯೇ ಅಲ್ವಾ ಅನ್ನಿಸಿತು. ಸೆಕೆಂಡ್‌ಹ್ಯಾಂಡ್ ಬಾಯ್ಲರ್ ತಂದೆ. ಪಕ್ಕದ ಜಮೀನಿನ ಮುದುಕರು, ಮೊದಲು ಹೈನುಗಾರಿಕೆ ಮಾಡುತ್ತಿದ್ದವರು, ಸಹಾಯಕ್ಕೆ ಬಂದರು.

ಆದರೆ ಹಂಡೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಹಂಡೆ ಬಚ್ಚಲಲ್ಲೇ ಇರುತ್ತದೆ. ಕಾದ ನೀರು ಚೊಂಬಿನಲ್ಲಿ ತಲೆ ಮೇಲೆ ಬೀಳುತ್ತದೆ, ನಡುವೆ ಎರಡು ಅಡಿ ಗಾಳಿ ಅಷ್ಟೆ. ಇಲ್ಲಿ ನಡುವೆ ನೂರು ಅಡಿ ಹೆಪ್ಪುಗಟ್ಟುವ ಮಣ್ಣು. ಅದರ ಬಗ್ಗೆ ನಾನು ಯೋಚನೆ ಮಾಡಿದ್ದು ಎಲ್ಲಕ್ಕಿಂತ ಕಮ್ಮಿ.

ನನ್ನ ತಪ್ಪನ್ನು ವಿವರವಾಗಿ ಹೇಳುತ್ತೇನೆ, ನಿಮ್ಮಲ್ಲೂ ಇದೇ ಆಗಿರಬಹುದು. ಬಾಯ್ಲರ್‌ನಿಂದ ಮನೆ ಗೋಡೆವರೆಗೆ ನೆಲದ ಮೇಲೆ ಟೇಪ್ ಹಿಡಿದು ಅಳೆದೆ. 96 ಅಡಿ ಬಂತು. 100 ಅಡಿ ಪೈಪಿನ ಸುರುಳಿ ತರಿಸಿದೆ. ನಾಲ್ಕು ಅಡಿ ಮಿಕ್ಕುತ್ತದೆ ಅಂತ ಸಮಾಧಾನ ಬೇರೆ. ಪೈಪ್ ಬಾಯ್ಲರ್ ಹತ್ತಿರ ಮೂರು ಅಡಿ ಕೆಳಗೆ ಇಳಿಯಬೇಕು, ಮನೆ ಹತ್ತಿರ ಮತ್ತೆ ಮೇಲೆ ಹತ್ತಬೇಕು, ಸೆಪ್ಟಿಕ್ ಟ್ಯಾಂಕ್ ಸುತ್ತಿ ಬಳಸಿ ಬರಬೇಕು. ಇದ್ಯಾವುದೂ ಆ ಟೇಪಿನ ಲೆಕ್ಕದಲ್ಲಿ ಇರಲಿಲ್ಲ. ಕಾಲುವೆ ತೋಡಿ, ಪೈಪ್ ಹಾಸಿ ನೋಡಿದರೆ ಹತ್ತು ಅಡಿ ಕಮ್ಮಿ.

ಅಕ್ಟೋಬರ್ ತಿಂಗಳು, ಶನಿವಾರ ಸಂಜೆ. ಬಾಡಿಗೆಗೆ ತಂದ ಅಗೆಯುವ ಯಂತ್ರವನ್ನು ಸೋಮವಾರ ವಾಪಸ್ ಕೊಡಬೇಕು. ಭಾನುವಾರ ಮಳೆ ಅಂತ ಹವಾಮಾನದವರು ಹೇಳಿದ್ದರು. ಪೇಟೆಗೆ ಹೋಗಿ ಹತ್ತು ಅಡಿ ತುಂಡು ತಂದೆ. ಒಳಗಿನ ಎರಡು ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪುಗಳನ್ನು, ಅಂದರೆ ಬಿಸಿ ನೀರು ಹೋಗುವುದು ಮತ್ತು ತಣಿದ ನೀರು ಬರುವುದು, ಹಿತ್ತಾಳೆ ಜೋಡಣೆ ಹಾಕಿ ಸೇರಿಸಿದೆ. ಒತ್ತಡ ಕೊಟ್ಟು ನೋಡಿದೆ, ಒಂದು ಹನಿ ಸೋರಲಿಲ್ಲ. ಇವತ್ತಿಗೂ ಆ ಜೋಡಣೆಯ ಮೇಲೆ ನನಗೆ ದೂರಿಲ್ಲ.

ದೂರು ಇರುವುದು ಹೊರಗಿನ ಪೈಪಿನ ಮೇಲೆ. ನಾನು ತಂದದ್ದು ಅಗ್ಗದ ಬಗೆ. ಎರಡು ಪೈಪನ್ನೂ ಒಟ್ಟಿಗೆ ಬೆಳ್ಳಿ ಬಣ್ಣದ ಗುಳ್ಳೆ ಹಾಳೆಯಲ್ಲಿ ಸುತ್ತಿ, ನಾಲ್ಕು ಇಂಚಿನ ಸುಕ್ಕು ಸುಕ್ಕಾದ ಕಪ್ಪು ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿರುತ್ತಾರೆ. ಒಳಗಿನ ಗಾಳಿಯೇ ಅದರ ಕಂಬಳಿ. ಆ ಕಪ್ಪು ಪೈಪಿನ ಎರಡು ತುಂಡುಗಳನ್ನು ಚರಂಡಿ ಪೈಪಿಗೆ ಹಾಕುವ ಪ್ಲಾಸ್ಟಿಕ್ ಬಳೆ ಹಾಕಿ ಸೇರಿಸಿ, ಮೇಲೆ ಟೇಪ್ ಸುತ್ತಿದೆ. ಹನ್ನೆರಡು ಸುತ್ತು, ಎಣಿಸಿ ಸುತ್ತಿದ್ದೆ. ಆದರೆ ಆ ಬಳೆ ಮಾಡಿರುವುದೇ ಹೊಲದ ನೀರು ಬಸಿಯುವ ಪೈಪಿಗೆ, ನೀರು ತಡೆಯಲು ಅಲ್ಲ. ಸುಕ್ಕಿನ ಮೇಲೆ, ಮಣ್ಣು ಮೆತ್ತಿದ ಪ್ಲಾಸ್ಟಿಕ್ ಮೇಲೆ ಯಾವ ಟೇಪೂ ಸರಿಯಾಗಿ ಕೂರುವುದಿಲ್ಲ. ಅದಕ್ಕಿಂತ ಮುಖ್ಯವಾದ್ದು ಜಾಗ. ಆ ಜೋಡಣೆ ಬಿದ್ದದ್ದು ನಮ್ಮ ಅಂಗಳದ ಅತಿ ತಗ್ಗಿನಲ್ಲಿ. ಮಾಡಿನ ನೀರು, ಕರಗಿದ ಹಿಮ ಎಲ್ಲ ಬಂದು ನಿಲ್ಲುವುದು ಅಲ್ಲೇ. ಕೆಳಗೆ ಜೇಡಿ ಮಣ್ಣು, ಇಂಗುವುದಿಲ್ಲ. ಪೈಪಿನ ಎರಡೂ ತುದಿಗಳನ್ನು ಇಲಿ ಹೋಗದಿರಲಿ ಅಂತ ಫೋಮ್ ಹಾಕಿ ಮುಚ್ಚಿದ್ದೆ. ನೀರು ಒಳಗೆ ಬರಲು ದಾರಿ ಇತ್ತು, ಹೋಗಲು ಇರಲಿಲ್ಲ.

ಭಾನುವಾರ ಮಳೆ ಬಂತು. ನಾನು ಮಣ್ಣು ಮುಚ್ಚಿಬಿಟ್ಟಿದ್ದೆ.

ನವೆಂಬರ್ ಹೇಗೋ ಕಳೆಯಿತು. ಡಿಸೆಂಬರ್‌ನಲ್ಲಿ ಸೌದೆ ರಾಶಿ ಕಣ್ಣಿಗೆ ಕಾಣುವಂತೆ ಇಳಿಯತೊಡಗಿತು. ಸೌದೆ ಹಸಿ ಇರಬೇಕು ಅಂದುಕೊಂಡೆ, ಓಕ್ ಸರಿಯಾಗಿ ಒಣಗಲು ಎರಡು ವರ್ಷ ಬೇಕು. ಒಣಗಿದ ಸೌದೆ ದುಡ್ಡು ಕೊಟ್ಟು ತರಿಸಿದೆ. ವ್ಯತ್ಯಾಸ ಆಗಲಿಲ್ಲ. ಪಂಪ್ ಚಿಕ್ಕದು ಅಂದರು, ದೊಡ್ಡದು ಹಾಕಿದೆ. ಮನೆಗೆ ಬರುವ ನೀರು ಒಂದೆರಡು ಡಿಗ್ರಿ ಬಿಸಿಯಾಯಿತು, ಖುಷಿಯಾಯಿತು. ಸೌದೆ ಉರಿಯುವುದು ಮಾತ್ರ ಅಷ್ಟೇ ಇತ್ತು. ಬಾಯ್ಲರ್‌ನ ನೀರಿನ ಮಟ್ಟ ಇಳಿಯುತ್ತಿರಲಿಲ್ಲ, ಹಾಗಾಗಿ ಪೈಪಿನ ಮೇಲೆ ಅನುಮಾನವೇ ಬರಲಿಲ್ಲ. ನಿಮ್ಮ ಹಾಗೆ ನಾನೂ ದೊಡ್ಡ ಬಾಯ್ಲರ್‌ಗಳ ಬೆಲೆ ವಿಚಾರಿಸುತ್ತಿದ್ದೆ.

ಜನವರಿಯಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅತ್ತೆ ಕೊಪ್ಪದಿಂದ ಬಂದಿದ್ದರು. ಹೊರಗೆ ಮೈನಸ್ 25 ಸೆಲ್ಸಿಯಸ್. ಒಂದು ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಗೆ ಹೋದರೆ ಸ್ಟೌವಿನ ನಾಲ್ಕೂ ಒಲೆಯ ಮೇಲೆ ನೀರು. ಇದ್ದಬದ್ದ ಪಾತ್ರೆಯೆಲ್ಲ ಅಲ್ಲಿತ್ತು. ನಲ್ಲಿಯಲ್ಲಿ ಬರುವ ನೀರಿನ ಬಿಸಿ ಬಾಣಂತಿಗೆ ಎರೆಯಲು ಸಾಲುತ್ತಿರಲಿಲ್ಲ. ಅಳಿಯನ ಹತ್ತಿರ ಹೇಳುವುದು ಹೇಗೆ ಅಂತ ಅವರು ಎರಡು ವಾರ ಸುಮ್ನೆ ಹೀಗೇ ಕಾಯಿಸಿದ್ದರು. ನನಗೆ ಬಹಳ ಬೇಜಾರಾಯಿತು. ಕಾಡಿನಲ್ಲಿ ಮರ ಕಡಿದು, ರಾತ್ರಿ ಎದ್ದು ಬೆಂಕಿ ಹಾಕಿ, ಕೊನೆಗೆ ಮನೆಯಲ್ಲಿ ಮಗುವಿಗೆ ಬಿಸಿನೀರಿಲ್ಲ.

ಅವತ್ತೇ ಅವರು ಕಿಟಕಿ ಹತ್ತಿರ ನಿಂತು ಕೇಳಿದರು. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಅಂಗಳ ಪೂರ್ತಿ ಹಿಮ ಇದೆ, ನಡುವೆ ಮಾತ್ರ ಬೈತಲೆ ತೆಗೆದ ಹಾಗೆ ಹುಲ್ಲು ಕಾಣ್ತದಲ್ಲ, ಅದೆಂತದು?"

ನಾನು ಆ ಗೆರೆಯನ್ನು ದಿನಾ ನೋಡುತ್ತಿದ್ದೆ. ಪಕ್ಕದ ಮನೆ ನಾಯಿ ದಿನಾ ಬಂದು ಅದರ ಮೇಲೆ ಮಲಗುತ್ತಿತ್ತು. ಪೈಪ್ ಹೋಗುವ ಜಾಗ ಸ್ವಲ್ಪ ಬೆಚ್ಚಗಿರುವುದು ಸಹಜ ಅಂತ ಬಿಟ್ಟಿದ್ದೆ. ಅತ್ತೆಯ ಪ್ರಶ್ನೆಗೆ ಉತ್ತರ ಹೇಳಲು ಬಾಯಿ ತೆರೆದಾಗ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಅಳೆಯಲು ಹೋಗಿ ಮತ್ತೆ ಒಂದು ದಿನ ದಾರಿ ತಪ್ಪಿದೆ. ಗುರಿ ಇಟ್ಟು ಒತ್ತುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ತಾಮ್ರದ ಮೇಲೆ ಸುಳ್ಳು ಹೇಳುತ್ತದೆ, ತುಂಬಾ ಕಮ್ಮಿ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಟೇಪ್ ಸುತ್ತಿ, ಅದು ಕಾದ ಮೇಲೆ ನೋಡಬೇಕು. ಹಾಗೆ ನೋಡಿದಾಗ ಬಾಯ್ಲರ್ ಬಿಟ್ಟ ನೀರು ಮನೆ ಮುಟ್ಟುವಷ್ಟರಲ್ಲಿ 5 ಡಿಗ್ರಿ ಫ್ಯಾರನ್‌ಹೀಟ್ ಇಳಿದಿತ್ತು. ವಾಪಸ್ ಹೋಗುವ ದಾರಿಯಲ್ಲಿ ಇನ್ನೂ 4.

ಐದು, ನಾಲ್ಕು ಅಂದರೆ ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ. ನಿಮಿಷಕ್ಕೆ ಎಷ್ಟು ಗ್ಯಾಲನ್, ಅದನ್ನು 500ರಿಂದ ಗುಣಿಸಿ, ಇಳಿದ ಡಿಗ್ರಿಯಿಂದ ಗುಣಿಸಿದರೆ ಗಂಟೆಗೆ ಎಷ್ಟು ಬಿಟಿಯು, ಅಂದರೆ ಇಲ್ಲಿನವರು ಶಾಖ ಅಳೆಯುವ ಮಾನದಲ್ಲಿ ಎಷ್ಟು, ಹೋಯಿತು ಅಂತ ಸಿಗುತ್ತದೆ. ನನ್ನ ಪಂಪ್ ನಿಮಿಷಕ್ಕೆ ಸುಮಾರು 8 ಗ್ಯಾಲನ್ ತಳ್ಳುತ್ತಿತ್ತು. 8 ಗುಣಿಸು 500 ಗುಣಿಸು 9, ಅಂದರೆ ಗಂಟೆಗೆ 36,000 ಬಿಟಿಯು. ಹತ್ತೂವರೆ ಕಿಲೋವ್ಯಾಟ್. ಊರಿನ ಮನೆಗಳ ಬಚ್ಚಲಿನ 2 ಕಿಲೋವ್ಯಾಟ್ ಗೀಸರ್ ಐದನ್ನು ಅಂಗಳದಲ್ಲಿ ಹೂತು ಹಗಲೂ ರಾತ್ರಿ ಉರಿಸಿದ ಹಾಗೆ. ಸೌದೆಯಲ್ಲಿ ಹೇಳಬೇಕಾದರೆ, ಒಂದು ಕಾರ್ಡ್, ಅಂದರೆ 4 ಅಡಿ ಅಗಲ 4 ಅಡಿ ಎತ್ತರ 8 ಅಡಿ ಉದ್ದದ ಒಣ ಓಕ್ ರಾಶಿಯಲ್ಲಿ ಸುಮಾರು 2.4 ಕೋಟಿ ಬಿಟಿಯು ಇರುತ್ತದೆ. ಹಳೇ ಬಾಯ್ಲರ್ ಅದರಲ್ಲಿ ಅರ್ಧವನ್ನು ನೀರಿಗೆ ಕೊಟ್ಟರೆ ಹೆಚ್ಚು. ಎರಡು ವಾರಕ್ಕೆ ಒಂದು ಕಾರ್ಡ್ ನಾನು ಮಣ್ಣಿಗೆ ಕೊಡುತ್ತಿದ್ದೆ.

ಏಪ್ರಿಲ್‌ನಲ್ಲಿ ನೆಲ ಸಡಿಲವಾದ ಮೇಲೆ ಆ ಜೋಡಣೆ ಹತ್ತಿರ ಅಗೆದೆ. ಕಪ್ಪು ಪೈಪನ್ನು ಚಾಕುವಿನಿಂದ ಸೀಳಿದ ತಕ್ಷಣ ನೀರು ಚಿಮ್ಮಿತು. ಬಿಸಿ ಬಿಸಿ ನೀರು. ಅತ್ತೆ ಪಾತ್ರೆಗಳಲ್ಲಿ ಕಾಯಿಸುತ್ತಿದ್ದರಲ್ಲ, ಅಂಥ ನೀರು ಮಣ್ಣಿನೊಳಗೆ ಸುಮ್ನೆ ನಿಂತಿತ್ತು. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ನೆನೆದ ಕಂಬಳಿ ಹೊದ್ದು ಹೊರಗೆ ಮಲಗಿದ ಹಾಗಿತ್ತು ನನ್ನ ಪೈಪು.

ಮೇ ತಿಂಗಳಲ್ಲಿ ಅಷ್ಟನ್ನೂ ಕಿತ್ತು, ಕಾರ್ಖಾನೆಯಲ್ಲೇ ಗಟ್ಟಿ ಪಾಲಿಯುರೆಥೇನ್ ಫೋಮ್ ತುಂಬಿದ ಪೈಪ್ ಹಾಕಿಸಿದೆ. ಫೋಮ್ ಒಳಗಿನ ಪೈಪಿಗೂ ಹೊರ ಕವಚಕ್ಕೂ ಅಂಟಿಕೊಂಡೇ ಇರುತ್ತದೆ. ನೀರು ಓಡಾಡಲು ಜಾಗವೇ ಇಲ್ಲ. ದುಡ್ಡು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಈ ಸಲ ಕಾಲುವೆಯೊಳಗೆ ಹಗ್ಗ ಹಾಸಿ ಅಳೆದು, ಒಂದೇ ತುಂಡು ತರಿಸಿದೆ. ಮೊದಲ ಚಳಿಗಾಲ 19 ಕಾರ್ಡ್ ಉರಿಸಿದ್ದೆ, ಮುಂದಿನದರಲ್ಲಿ 11. ಬಾಯ್ಲರ್ ಅದೇ, ಸೌದೆ ಅದೇ. ಅಂಗಳದ ಹಿಮ ಒಂದೇ ಸಮ ಕೂತಿತ್ತು. ಎರಡು ತುದಿಯ ನಡುವಿನ ಇಳಿತ ಒಂದು ಡಿಗ್ರಿಯೂ ಇರಲಿಲ್ಲ.

ಹಾಗಾಗಿ ದೊಡ್ಡದಾ, ಚಿಕ್ಕದಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಬಾಯ್ಲರ್ ಹಾಕಿದರೆ ಅದೇ ಪೈಪಿಗೆ ಇನ್ನಷ್ಟು ಸೌದೆ ಉಣಿಸುತ್ತೀರಿ. ಪಂಪ್ ನಿಧಾನ ಮಾಡಿ ಅಂತ ಒಬ್ಬರು ಹೇಳಿದ್ದಾರೆ ಅಂದಿರಿ, ಅದನ್ನೂ ಕೇಳಬೇಡಿ. ನಿಧಾನ ಮಾಡಿದರೆ ಮನೆಗೆ ಇನ್ನೂ ತಣ್ಣಗಿನ ನೀರು ಬರುತ್ತದೆ. ಬಾಯ್ಲರ್‌ಗೆ ವಾಪಸ್ ಹೋಗುವ ನೀರು 140 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದರೆ ಒಲೆಯ ಒಳಗೋಡೆ ಬೆವತು, ಟಾರು ಕಟ್ಟಿ, ಕಬ್ಬಿಣ ತಿನ್ನಲು ಶುರುವಾಗುತ್ತದೆ. ಜೋರು ಮಾಡಿದರೆ ಡಿಗ್ರಿ ಇಳಿತ ಕಮ್ಮಿ ಕಾಣುತ್ತದೆ, ಹೋಗುವ ಶಾಖ ಅಷ್ಟೇ ಹೋಗುತ್ತದೆ. ಡಿಗ್ರಿಯನ್ನು ಗ್ಯಾಲನ್ ಜೊತೆ ಸೇರಿಸಿಯೇ ನೋಡಿ.

ಕಾಲುವೆಯಲ್ಲೇ ಫೋಮ್ ಸಿಂಪಡಿಸುವ ಗುತ್ತಿಗೆದಾರರೂ ಇದ್ದಾರೆ. ಕಾಲುವೆ ಒಣಗಿದ್ದು, ಎರಡು ಪೈಪನ್ನು ದೂರ ದೂರ ಎತ್ತಿ ಕಟ್ಟಿ ಸುತ್ತಲೂ ಹೊಡೆದರೆ ಅದೂ ಒಳ್ಳೆಯದೇ. ಫೋಮ್ ಹಲಗೆಯ ಪೆಟ್ಟಿಗೆ ಮಾಡಿ ಪೈಪ್ ಇಡುವುದು ಮಾತ್ರ ಬೇಡ, ಸಂದಿಯಲ್ಲಿ ನೀರು ಬಂದೇ ಬರುತ್ತದೆ. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ, ಕರೆಂಟ್ ಮತ್ತು ಗ್ಯಾಸ್ ಲೈನ್ ಗುರುತು ಹಾಕಿಸಿಕೊಳ್ಳಿ. ಪೈಪ್ ಸರಿಯಾದ ಮೇಲೆ ಸ್ನಾನದ ನೀರಿಗೆ ಬಿಸಿ ತಣ್ಣೀರು ಬೆರೆಸುವ ವಾಲ್ವ್ ಇದೆಯಾ ನೋಡಿ. 180 ಡಿಗ್ರಿಯಲ್ಲಿ ಕಾದ ನೀರು ಮಕ್ಕಳ ಮೈ ಸುಟ್ಟುಬಿಡುತ್ತದೆ.

ಈಗ ನೆಲ ಕಲ್ಲಾಗಿರುತ್ತದೆ, ಅಗೆಯಲು ಆಗುವುದಿಲ್ಲ. ಆದರೆ ಬಾಯ್ಲರ್ ಹತ್ತಿರ ಕಪ್ಪು ಪೈಪಿನ ತುದಿಯ ಫೋಮ್ ಕಿತ್ತು ಒಳಗೆ ಟಾರ್ಚ್ ಬಿಡಿ. ನೀರು ಕಂಡರೆ ಸಣ್ಣ ಟ್ಯೂಬ್ ಇಳಿಸಿ, ನೀರು ಎಳೆಯುವ ವ್ಯಾಕ್ಯೂಮ್‌ನಿಂದ ಎಷ್ಟು ಬರುತ್ತದೋ ಅಷ್ಟು ತೆಗೆಯಿರಿ. ಪೂರ್ತಿ ಹೋಗುವುದಿಲ್ಲ, ಮತ್ತೆ ತುಂಬುತ್ತದೆ. ಆದರೂ ಏಪ್ರಿಲ್‌ವರೆಗೆ ಸ್ವಲ್ಪ ಸೌದೆ ಉಳಿಯುತ್ತದೆ. ಏನೇ ಆದರೂ ಈ ಚಳಿಯಲ್ಲಿ ಪಂಪ್ ನಿಲ್ಲಿಸಬೇಡಿ, ಲೈನ್ ಹೆಪ್ಪುಗಟ್ಟಿದರೆ ಒಡೆದು ಹೋಗಬಹುದು.

ಇವತ್ತು ರಾತ್ರಿ ನಾಲ್ಕು ಕಡೆ ಕಪ್ಪು ಟೇಪ್ ಸುತ್ತಿ ಅಳೆಯಿರಿ: ಬಾಯ್ಲರ್ ಬಿಡುವಲ್ಲಿ, ಬೇಸ್‌ಮೆಂಟ್‌ಗೆ ಬರುವಲ್ಲಿ, ಬೇಸ್‌ಮೆಂಟ್ ಬಿಡುವಲ್ಲಿ, ಬಾಯ್ಲರ್‌ಗೆ ಮರಳುವಲ್ಲಿ. ಜೊತೆಗೆ ಪಂಪಿನ ಮಾಡೆಲ್ ನಂಬರ್ ಮತ್ತು ಅಂಗಳದ ಒಂದು ಫೋಟೋ ಇಲ್ಲೇ ಕೆಳಗೆ ಹಾಕಿ. ಎಷ್ಟು ಸೌದೆ ಮಣ್ಣಿಗೆ ಹೋಗುತ್ತಿದೆ ಅಂತ ಲೆಕ್ಕ ಹಾಕಿ ನಾನೇ ಹೇಳುತ್ತೇನೆ.