ಕ್ಯಾಸಿನೋದಲ್ಲಿ ಗೆದ್ದ ಹಣ, ಮಗಳಿಗೆ ಬರಬೇಕಾದ ಬಾಕಿ

ಅಮೆರಿಕದ ಕೊಲೊರಾಡೋ ರಾಜ್ಯದ ಬ್ಲ್ಯಾಕ್ ಹಾಕ್ ಊರಿನ ಕ್ಯಾಸಿನೋಗಳಲ್ಲಿ ಮಾಜಿ ಪತಿ ಆಗಾಗ ಗೆಲ್ಲುತ್ತಾರೆ, ಮಗಳ ಜೀವನಾಂಶ ಮಾತ್ರ ಬಾಕಿ, ಆ ಹಣ ಸಿಕ್ಕೀತೇ ಎಂದು ಕೇಳಿದ್ದೀರಿ. ಸಿಗಬಹುದು. ಅದಕ್ಕೆಂದೇ ಅಲ್ಲಿ 2007ರ ಕಾನೂನಿದೆ. ಸ್ಲಾಟ್ ಯಂತ್ರದಲ್ಲಿ ದೊಡ್ಡ ಮೊತ್ತ ಬಿದ್ದರೆ ಆಟ ನಿಲ್ಲುತ್ತದೆ, ಸಿಬ್ಬಂದಿ ಡಬ್ಲ್ಯೂ-2ಜಿ ತೆರಿಗೆ ಫಾರಂ ಹಿಡಿದು ಬರುತ್ತಾರೆ (2025ರವರೆಗೆ ಈ ಫಾರಂಗೆ ಗೆಲುವಿನ ಮಿತಿ 1,200 ಡಾಲರ್ ಇತ್ತು). ಹಣ ಕೊಡುವ ಮುನ್ನ ಅವರು ಜೀವನಾಂಶ ಬಾಕಿದಾರರ ಪಟ್ಟಿ ನೋಡಲೇಬೇಕು. ಹೆಸರಿದ್ದರೆ ಬಾಕಿಯಷ್ಟನ್ನು ಹಿಡಿದಿಡುತ್ತಾರೆ.

ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟ್ ಆಟದ ಮೇಜಿನಲ್ಲಿ ಗೆದ್ದವರಿಗೆ ಈ ಫಾರಂ ಇಲ್ಲ, ಹಾಗಾಗಿ ಪಟ್ಟಿ ನೋಡುವ ಪ್ರಶ್ನೆಯೂ ಇಲ್ಲ, ಚಿಪ್ಸ್ (ಹಣದ ಬದಲು ಆಡುವ ಬಿಲ್ಲೆ) ಕೊಟ್ಟು ನೋಟು ಎಣಿಸಿಕೊಂಡು ಹೊರಟುಬಿಡುತ್ತಾರೆ. ಬಲೆಯಲ್ಲಿ ಇಷ್ಟು ದೊಡ್ಡ ತೂತು ಬಿಟ್ಟವರ ಮೇಲೆ ನನಗೆ ಸಿಟ್ಟೇ ಬರುತ್ತದೆ. ಇನ್ನೊಂದು, ನಿಮ್ಮಿಬ್ಬರ ಬಾಯಿಮಾತಿನ ಒಪ್ಪಂದ ಆ ಪಟ್ಟಿಗೆ ಸೇರುವುದಿಲ್ಲ. ಕೌಂಟಿಯ (ಅಲ್ಲಿನ ಜಿಲ್ಲೆಯ) ಮಕ್ಕಳ ಜೀವನಾಂಶ ಕಚೇರಿಯಲ್ಲಿ ಪ್ರಕರಣ ದಾಖಲಿಸಿದ್ದೀರಾ? ಇಲ್ಲವಾದರೆ ನ್ಯಾಯಾಲಯದ ಆದೇಶದ ಪ್ರತಿಯೊಂದಿಗೆ ನಾಳೆಯೇ ಹೋಗಿ.